ನೀರು ಹಿಡಿಯದ ಗುಂಗುರು ಕೂದಲು

ಕೆಲವು ಮಕ್ಕಳ ಕೂದಲು ತಲೆಸ್ನಾನ ಮುಗಿದು ಮೂರು ಗಂಟೆಯಾದರೂ ಒಣಗುವುದಿಲ್ಲ. ಅದಕ್ಕಿಂತ ವಿಚಿತ್ರವೆಂದರೆ, ಅದೇ ಕೂದಲು ನೆನೆಯುವುದಕ್ಕೂ ಅಷ್ಟೇ ಸತಾಯಿಸುತ್ತದೆ. ಚೊಂಬಿನಿಂದ ನೀರು ಹೊಯ್ದರೆ ಕೆಸುವಿನ ಎಲೆಯ ಮೇಲೆ ಬಿದ್ದಂತೆ ಹನಿಹನಿಯಾಗಿ ಉರುಳಿಹೋಗುತ್ತದೆ. ಹಚ್ಚಿದ ಎಣ್ಣೆ ಒಳಗಿಳಿಯದೆ ದಿಂಬಿಗೂ ಯೂನಿಫಾರಂ ಕಾಲರಿಗೂ ಅಂಟುತ್ತದೆ. ಜೊತೆಗೆ ಕೂದಲು ಗುಂಗುರಾಗಿದ್ದರಂತೂ ಬಾಚಣಿಗೆ ಕೈಗೆ ಬಂದಾಗಲೆಲ್ಲ ತಾಯಿ-ಮಗಳ ಜಗಳ. ‘ಒರಟು ಕೂದಲು, ಏನು ಹಚ್ಚಿದರೂ ಹಿಡಿಯುವುದಿಲ್ಲ’ ಎಂಬ ತೀರ್ಪು ಮನೆಯಲ್ಲಿ, ಅಡ್ಡಹೆಸರುಗಳು ಶಾಲೆಯಲ್ಲಿ. ಹತ್ತನೇ ತರಗತಿ ಮುಗಿಯುವಷ್ಟರಲ್ಲಿ ಮಗಳು ಪಾರ್ಲರಿಗೆ ಹೋಗಿ ಕೂದಲು ನೇರ ಮಾಡಿಸಿಕೊಳ್ಳುತ್ತೇನೆಂದು ಹಟ ಹಿಡಿಯುತ್ತಾಳೆ. ಗಂಡುಮಕ್ಕಳ ತಲೆಗೆ ತಿಂಗಳಿಗೊಮ್ಮೆ ಕತ್ತರಿ ಬೀಳುವುದರಿಂದ ಅವರು ಈ ತಾಪತ್ರಯದಿಂದ ಪಾರು.

ಹಟಕ್ಕೆ ಮಣಿಯುವ ಮುನ್ನ ಆ ಕೂದಲು ಎಂಥದೆಂದು ತಿಳಿಯುವುದು ಒಳ್ಳೆಯದು. ನೀರು ಹಿಡಿಯದ ಕೂದಲು ಕೆಟ್ಟ ಕೂದಲಲ್ಲ. ಬಹುಮಟ್ಟಿಗೆ ಅದು ಪೆಟ್ಟು ತಿನ್ನದ, ಹೊರಕವಚ ಭದ್ರವಾಗಿರುವ ಕೂದಲು.

ಹೆಂಚು ಹೊದಿಸಿದ ಎಳೆ

ಕೂದಲು ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ಒಳಗೆ ನಾರಿನಂಥ ತಿರುಳು, ಅದರ ಮೇಲೆ ಹೊರಪೊರೆ. ಮಂಗಳೂರು ಹೆಂಚಿನ ಮಾಡಿನಂತೆ ಒಂದರ ಮೇಲೊಂದು ಚಾಚಿಕೊಂಡ ತೆಳುವಾದ ಬಿಲ್ಲೆಗಳಿಂದ ಈ ಹೊರಪೊರೆ ಆಗಿದೆ. ಬಿಲ್ಲೆಗಳ ಅಂಚುಗಳೆಲ್ಲ ಕೂದಲಿನ ತುದಿಯ ಕಡೆಗೆ ಮುಖ ಮಾಡಿರುತ್ತವೆ. ಇದನ್ನು ನೋಡಲು ಸೂಕ್ಷ್ಮದರ್ಶಕ ಬೇಕು. ಆದರೆ ತಿಳಿಯಲು ಎರಡು ಬೆರಳು ಸಾಕು. ಉದುರಿದ ಕೂದಲೊಂದನ್ನು ಬೆರಳುಗಳ ನಡುವೆ ಹಿಡಿದು ಬುಡದಿಂದ ತುದಿಗೆ ಎಳೆದರೆ ನುಣುಪು, ತುದಿಯಿಂದ ಬುಡಕ್ಕೆ ಎಳೆದರೆ ತರಿತರಿ.

ಬಿಲ್ಲೆಗಳ ಮೇಲೆ ಕೊಬ್ಬಿನಾಮ್ಲದ ಅತಿ ತೆಳುವಾದ ಲೇಪವೊಂದಿದೆ. ಇದು ಸವರಿದ ಎಣ್ಣೆಯಲ್ಲ. ರಾಸಾಯನಿಕ ಬಂಧದಿಂದ ಕೂದಲಿಗೆ ಕೂಡಿಕೊಂಡದ್ದು. ನೀರನ್ನು ದೂರವಿಡುವುದು ಈ ಲೇಪವೇ. ಬಿಲ್ಲೆಗಳು ಒತ್ತಾಗಿ ಕುಳಿತು ಲೇಪವೂ ಉಳಿದಿದ್ದರೆ ಅದು ಕಡಿಮೆ ಸರಂಧ್ರತೆಯ ಕೂದಲು. ನೀರು ನಿಧಾನವಾಗಿ ಒಳಹೋಗುತ್ತದೆ, ನಿಧಾನವಾಗಿ ಹೊರಬರುತ್ತದೆ. ಬ್ಲೀಚು, ಬಣ್ಣ, ಕಾದ ಇಸ್ತ್ರಿ, ಬಿರುಬಿಸಿಲು ಇವು ಬಿಲ್ಲೆಗಳನ್ನು ಎಬ್ಬಿಸಿ ಲೇಪವನ್ನು ಕಿತ್ತರೆ ಸರಂಧ್ರತೆ ಹೆಚ್ಚುತ್ತದೆ. ಅಂಥ ಕೂದಲು ಕ್ಷಣದಲ್ಲಿ ನೆನೆಯುತ್ತದೆ, ಆದರೆ ತೇವವನ್ನು ಉಳಿಸಿಕೊಳ್ಳುವುದಿಲ್ಲ.

ಕೂದಲಿಗೂ ನೀರಿಗೂ ಇರುವ ನಂಟನ್ನು ಬಹಳ ಹಿಂದೆಯೇ ಕೆಲಸಕ್ಕೆ ಹಚ್ಚಿದವನು ಜಿನೀವಾದ ವಿಜ್ಞಾನಿ ಸೊಸ್ಯೂರ್. ಹವೆಯ ತೇವಾಂಶ ಅಳೆಯುವ ಕೂದಲಿನ ಆರ್ದ್ರತಾಮಾಪಕವನ್ನು ಆತ 1783ರಲ್ಲಿ ವಿವರಿಸಿದ. ಹವೆ ಪೂರಾ ಒಣಗಿದ್ದಾಗಿನಿಂದ ಪೂರಾ ತೇವವಾಗುವಷ್ಟರಲ್ಲಿ ಕೂದಲು ನೂರಕ್ಕೆ ಸುಮಾರು ಎರಡರಷ್ಟು ಉದ್ದವಾಗುತ್ತದೆ. ಸ್ವಾರಸ್ಯವೆಂದರೆ, ಆತ ಕೂದಲನ್ನು ಮೊದಲು ಕ್ಷಾರದ ನೀರಿನಲ್ಲಿ ಕುದಿಸಿ ಜಿಡ್ಡು ತೆಗೆಯುತ್ತಿದ್ದ. ಉಪಕರಣಕ್ಕೆ ಅದು ಸರಿ, ತಲೆಗಲ್ಲ.

ಗುಂಗುರು ಹುಟ್ಟುವುದು ಚರ್ಮದೊಳಗೆ. ಕೂದಲಿನ ಬುಡದ ಚೀಲ ಬಾಗಿದ್ದರೆ ಎಳೆಯೂ ಸುರುಳಿಯಾಗಿ ಬೆಳೆಯುತ್ತದೆ. ನೆತ್ತಿಯಲ್ಲಿ ಒಸರುವ ಜಿಡ್ಡು ನೇರ ಕೂದಲಿನ ಮೇಲೆ ಸಲೀಸಾಗಿ ಇಳಿಯುತ್ತದೆ. ಸುರುಳಿಯ ತಿರುವುಗಳಲ್ಲಿ ಇಳಿಯುವುದಿಲ್ಲ. ಹೀಗಾಗಿ ಬುಡ ಜಿಡ್ಡು, ತುದಿ ಒಣ.

ಲೋಟದ ಪರೀಕ್ಷೆ ನಂಬಬೇಕೆ?

ಒಂದು ಲೋಟ ನೀರಿಗೆ ಕೂದಲು ಹಾಕಿ, ತೇಲಿದರೆ ಸರಂಧ್ರತೆ ಕಡಿಮೆ, ಮುಳುಗಿದರೆ ಹೆಚ್ಚು ಎಂದು ಹೇಳುವ ಪರೀಕ್ಷೆಯೊಂದು ಈಗ ಬಹಳ ಪ್ರಚಾರದಲ್ಲಿದೆ. ಎಂಟನೇ ತರಗತಿಯ ವಿದ್ಯಾರ್ಥಿಯೂ ಇದರ ದೋಷ ಹಿಡಿಯಬಲ್ಲ. ಕೂದಲಿನ ಸಾಂದ್ರತೆ ನೀರಿನದಕ್ಕಿಂತ ಹೆಚ್ಚು, ಸುಮಾರು 1.3. ಅದು ತೇಲಿದರೆ ಅದಕ್ಕೆ ಕಾರಣ ನೀರಿನ ಮೇಲ್ಮೈ ಸೆಳೆತ. ಉಕ್ಕಿನ ಸೂಜಿಯನ್ನು ನಾಜೂಕಾಗಿ ಇಟ್ಟರೆ ತೇಲುವುದಿಲ್ಲವೆ, ಹಾಗೆ. ಸ್ವಲ್ಪ ಎಣ್ಣೆ ಅಂಟಿದ್ದರೆ ಯಾವ ಕೂದಲಾದರೂ ತೇಲೀತು. ಬೆರಳಿನಿಂದ ಅದುಮಿದರೆ ಯಾವುದಾದರೂ ಮುಳುಗೀತು.

ಅದಕ್ಕಿಂತ ಚೆನ್ನಾಗಿ ತೊಳೆದ ಕೂದಲು ಎಷ್ಟು ಹೊತ್ತಿಗೆ ನೆನೆಯುತ್ತದೆ, ಎಷ್ಟು ಹೊತ್ತಿಗೆ ಒಣಗುತ್ತದೆ ಎಂದು ನಾಲ್ಕಾರು ವಾರ ಗಮನಿಸುವುದು ಮೇಲು. ‘ಚೆನ್ನಾಗಿ ತೊಳೆದ’ ಎಂಬ ಮಾತು ಮುಖ್ಯ. ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ಹಾಕಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೋಪಿನೊಡನೆ ಸೇರಿ ಅಂಟಾದ ಕಲ್ಮಶವಾಗುತ್ತದೆ. ಬಕೆಟ್ಟಿನ ಅಂಚಿನಲ್ಲಿ ಕಟ್ಟುವ ಬೂದು ಪದರ ಅದೇ. ಅದು ಕೂದಲ ಮೇಲೂ ಕೂರುತ್ತದೆ. ಆಗ ಎಂಥ ಕೂದಲೂ ನೀರು ಹಿಡಿಯದಂತೆ ಕಾಣುತ್ತದೆ.

ಒಂದೇ ತಲೆಯಲ್ಲಿ ಎರಡು ಬಗೆಯೂ ಇರಬಹುದು. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ 60 ಸೆಂಟಿಮೀಟರ್ ಉದ್ದದ ಜಡೆಯ ತುದಿಗೆ ಐದು ವರ್ಷ ವಯಸ್ಸು. ಹತ್ತನೇ ತರಗತಿಯ ಹುಡುಗಿಯ ಜಡೆಯ ತುದಿ ಅವಳು ಐದನೇ ತರಗತಿಯಲ್ಲಿದ್ದಾಗ ಹುಟ್ಟಿದ್ದು. ಅಷ್ಟು ವರ್ಷ ಬಿಸಿಲು, ಬಾಚಣಿಗೆ ಕಂಡ ತುದಿ ಬುಡದಂತೆ ಇರುವುದಿಲ್ಲ.

ಬೆಚ್ಚಗಿರಲಿ, ಹಗುರಾಗಿರಲಿ

ಆರೈಕೆಯ ಗುಟ್ಟು ಹೆಚ್ಚು ಹಚ್ಚುವುದರಲ್ಲಿಲ್ಲ. ತಲೆಗೆ ಮೊದಲು ಉಗುರುಬೆಚ್ಚಗಿನ ನೀರನ್ನು ಹೊಯ್ದು, ಕೈಯಿಂದ ಒತ್ತುತ್ತ ಒಂದೆರಡು ನಿಮಿಷ ಪೂರ್ತಿ ನೆನೆಸಬೇಕು. ಶಾಖದಲ್ಲಿ ನೀರು ಒಳಗಿಳಿಯುವ ವೇಗ ಹೆಚ್ಚು. ತೊಳೆದ ಮೇಲೆ ಕಂಡೀಷನರ್ ಹಚ್ಚುವುದಾದರೆ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಹತ್ತು-ಹದಿನೈದು ನಿಮಿಷ ಸುತ್ತಿ ಆಮೇಲೆ ತೊಳೆಯಬಹುದು. ಟವೆಲು ಕೈಗೆ ಹಿತವಾಗುವಷ್ಟು ಬಿಸಿಯಿದ್ದರೆ ಸಾಕು.

ಸಿಕ್ಕು ಬಿಡಿಸುವುದು ಕೂದಲು ಒದ್ದೆಯಾಗಿ ಜಾರುವಂತಿದ್ದಾಗಲೇ. ಅಗಲ ಹಲ್ಲಿನ ಬಾಚಣಿಗೆ ಹಿಡಿದು ತುದಿಯಿಂದ ಆರಂಭಿಸಿ ಮೇಲೆ ಮೇಲೆ ಹೋಗಬೇಕು. ಮಲೆನಾಡು-ಕರಾವಳಿಯ ಮನೆಗಳಲ್ಲಿ ದಾಸವಾಳದ ಎಲೆ ಕಿವುಚಿ ತೆಗೆಯುವ ಲೋಳೆ, ಅಂದರೆ ಗೊಂಪು, ಈ ಕೆಲಸಕ್ಕೆ ಅಗ್ಗದ ಸಾಧನ. ಒಣಗಿದ ಗುಂಗುರನ್ನು ಬಾಚಿದರೆ ಸುರುಳಿ ಬಿಚ್ಚಿ ಪೊದೆಯಾಗುತ್ತದೆ, ಎಳೆ ತುಂಡಾಗುತ್ತದೆ. ಅರ್ಧ ಜಗಳ ಹುಟ್ಟುವುದು ಇಲ್ಲೇ. ಒರೆಸಲು ಹಳೆಯ ಹತ್ತಿಬಟ್ಟೆ ಸಾಕು, ಉಜ್ಜದೆ ಒತ್ತಬೇಕು. ಬೆಳಿಗ್ಗೆ ಮಿಂದು ಒದ್ದೆ ಕೂದಲಿಗೇ ಎರಡು ಜಡೆ ಹೆಣೆದು ಶಾಲೆಗೆ ಕಳಿಸಿದರೆ ಅದು ಸಂಜೆಯವರೆಗೂ ಒಳಗೆ ಒದ್ದೆಯೇ. ರಜೆಯ ದಿನದ ತಲೆಸ್ನಾನವೇ ಇಂಥ ಕೂದಲಿಗೆ ಸರಿ. ಜಡೆಯಾದರೂ ಹಣೆಯ ಅಂಚು ಎಳೆಯುವಷ್ಟು ಬಿಗಿ ಬೇಡ. ವರ್ಷಗಟ್ಟಲೆ ಎಳೆತ ತಿಂದರೆ ಅಲ್ಲಿನ ಕೂದಲು ಉದುರಿಹೋಗುತ್ತದೆ.

ಎಣ್ಣೆಯ ವಿಷಯದಲ್ಲಿ ಅಜ್ಜಿಯರ ಮಾತಿಗೆ ಪುರಾವೆಯುಂಟು. 2003ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ತೆಂಗಿನೆಣ್ಣೆ ಹಚ್ಚಿ ತೊಳೆದ ಕೂದಲಿನಿಂದ ಪ್ರೋಟೀನ್ ನಷ್ಟ ಕಡಿಮೆಯಾಯಿತು. ಸೂರ್ಯಕಾಂತಿ ಎಣ್ಣೆ, ಖನಿಜ ತೈಲಗಳಿಂದ ಆ ಫಲ ಸಿಗಲಿಲ್ಲ. ಪ್ರಯೋಗ ಮಾಡಿದವರು ತೆಂಗಿನೆಣ್ಣೆ ಮಾರುವ ಮುಂಬೈ ಕಂಪನಿಯ ವಿಜ್ಞಾನಿಗಳೇ ಎಂಬುದನ್ನೂ ನೆನಪಿಡಬೇಕು. ನೀರು ಹಿಡಿಯದ ಕೂದಲಿಗೆ ಒಂದು ಚಮಚದಷ್ಟು ಬೆಚ್ಚಗಿನ ಎಣ್ಣೆಯನ್ನು ಸ್ನಾನಕ್ಕೆ ಎರಡು ಗಂಟೆ ಮೊದಲು ಹಚ್ಚಿದರೆ ಸಾಕು. ಮಂದವಾದ ಹರಳೆಣ್ಣೆ ಮೇಲೆಯೇ ಕೂರುತ್ತದೆ. ಮೊಟ್ಟೆಯ ಪ್ರೋಟೀನಿನ ಅಣುಗಳು ಕೂದಲೊಳಗೆ ಹೋಗಲಾರದಷ್ಟು ದೊಡ್ಡವು. ಮೇಲೆ ಬಿಸಿನೀರು ಹೊಯ್ದರೆ ಮೊಟ್ಟೆ ತಲೆಯಲ್ಲೇ ಬೇಯುವುದು ಬೇರೆ.

ಸೀಗೆಕಾಯಿಯ ನೊರೆಗೆ ಕಾರಣ ಸಪೋನಿನ್. ಗಡಸು ನೀರಿನಲ್ಲಿ ಅದು ಸೋಪಿನಂತೆ ಕಲ್ಮಶ ಕಟ್ಟುವುದಿಲ್ಲ. ಆದರೆ ಪುಡಿ ಸುರುಳಿಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಕುದಿಸಿ ಸೋಸಿದ ನೀರು ಉತ್ತಮ. ‘ಹೊರಪೊರೆ ತೆರೆಯಲು’ ಅಡುಗೆ ಸೋಡಾ ಹಚ್ಚುವವರೂ ಇದ್ದಾರೆ. ಮನೆಯೊಳಗೆ ನೀರು ಬೇಕೆಂದು ಹೆಂಚು ಒಡೆದಂತೆ ಇದು.

ಪಾರ್ಲರಿನ ದಾರಿ

ಕೂದಲು ನೇರಗೊಳಿಸುವ ರಾಸಾಯನಿಕಗಳು ತಿರುಳಿನ ಬಂಧಗಳನ್ನೇ ಬದಲಿಸುತ್ತವೆ. ಅದಕ್ಕಾಗಿ ಅವು ಹೊರಪೊರೆಯನ್ನು ದಾಟಬೇಕು. ‘ಕೆರಾಟಿನ್ ಚಿಕಿತ್ಸೆ’ ಎಂದು ಕರೆಯುವ ಹಲವು ದ್ರಾವಣಗಳಿಂದ ಬಿಸಿ ಇಸ್ತ್ರಿ ತಾಗಿದಾಗ ಫಾರ್ಮಾಲ್ಡಿಹೈಡ್ ಹೊರಬರುತ್ತದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಕಪ್ಪೆ, ಹಾವುಗಳನ್ನು ಕೆಡದಂತೆ ಇಡುವ ಫಾರ್ಮಲಿನ್‌ನಲ್ಲಿ ಇರುವುದು ಇದೇ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಅಮೆರಿಕದ 33,497 ಮಹಿಳೆಯರನ್ನು ಗಮನಿಸಿದ, 2022ರ ಅಧ್ಯಯನವೊಂದರಲ್ಲಿ ಇಂಥ ದ್ರಾವಣಗಳನ್ನು ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಬಾರಿ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರ್ ಎರಡು ಪಟ್ಟಿಗೂ ಹೆಚ್ಚು ಕಂಡಿತು. ನಂಟು ಕಂಡಿತೆಂದ ಮಾತ್ರಕ್ಕೆ ಕಾರಣ ಸಾಬೀತಾಗಲಿಲ್ಲ, ನಿಜ. ಆದರೆ ಹದಿನಾರರ ಹುಡುಗಿಯನ್ನು ಆ ಕುರ್ಚಿಯಲ್ಲಿ ಕೂರಿಸುವ ಮುನ್ನ ತಂದೆತಾಯಿ ಡಬ್ಬಿಯ ಮೇಲಿನ ಪಟ್ಟಿಯನ್ನಾದರೂ ಓದಬೇಕು.

ಇಷ್ಟಾಗಿಯೂ ಚರ್ಮದೊಳಗಿನ ಬಾಗಿದ ಚೀಲ ಬಾಗಿಯೇ ಇರುತ್ತದೆ. ಆರು ತಿಂಗಳಲ್ಲಿ ಐದಾರು ಸೆಂಟಿಮೀಟರ್ ಹೊಸ ಗುಂಗುರು ಬಂದು, ಅದರ ಕೆಳಗೆ ಹೊರಪೊರೆ ಸವೆದ ನೇರ ಕೂದಲು ಜೋತಾಡುತ್ತದೆ. ಒಂದು ನೀರು ಹಿಡಿಯದು, ಇನ್ನೊಂದು ನೀರು ಉಳಿಸಿಕೊಳ್ಳದು. ಎರಡಕ್ಕೂ ಬೇರೆ ಬೇರೆ ಆರೈಕೆ.