ಸಿಗ್ನಲ್ಲಿನಲ್ಲಿ ಏರುವ ಮುಳ್ಳು

ಏಪ್ರಿಲ್ ಮಧ್ಯಾಹ್ನ, ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್. ಕಾರು ಇಂಚಿಂಚಾಗಿ ತೆವಳುತ್ತಿದೆ. ಮೊದಲು ಎ.ಸಿ. ಗಾಳಿ ಬೆಚ್ಚಗಾಗುತ್ತದೆ, ಆಮೇಲೆ ಟೆಂಪರೇಚರ್ ಮುಳ್ಳು ಮೆಲ್ಲಗೆ ಏರುತ್ತದೆ. ಫ್ಲೈಓವರ್ ಹತ್ತಿ ಗಾಡಿ ಓಡತೊಡಗಿದ್ದೇ ತಡ, ಮುಳ್ಳು ತಾನಾಗಿ ಇಳಿಯುತ್ತದೆ. ಗ್ಯಾರೇಜಿನಲ್ಲಿ ಈ ವಿವರವನ್ನು ಮರೆಯದೆ ಹೇಳಿ. ಓಡುವಾಗ ಸರಿಯಿದ್ದು ನಿಂತಾಗ ಕಾಯುವ ಎಂಜಿನ್ ಎಂದರೆ ಮೊದಲ ಅನುಮಾನ ರೇಡಿಯೇಟರ್ ಫ್ಯಾನಿನ ಮೇಲೆ.

ಸುಟ್ಟ ಇಂಧನದ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಕೂಲೆಂಟಿಗೆ ಇಳಿಯುತ್ತದೆ. ಹೆದ್ದಾರಿಯಲ್ಲಿ ಎದುರುಗಾಳಿಯೇ ಅದನ್ನು ಆರಿಸುತ್ತದೆ. ನಿಂತಾಗ ಗಾಳಿ ಎಳೆಯಲು ಫ್ಯಾನ್ ಬೇಕು. ಹಳೆಯ ಅಂಬಾಸಿಡರಿನಲ್ಲಿ ರೆಕ್ಕೆಯನ್ನು ಬೆಲ್ಟ್ ತಿರುಗಿಸುತ್ತಿತ್ತು, ಎಂಜಿನ್ ತಿರುಗಿದರೆ ಅದೂ ತಿರುಗಲೇಬೇಕು. ಈಗಿನ ಸಣ್ಣ ಕಾರುಗಳಲ್ಲಿ ಎಂಜಿನ್ ಅಡ್ಡಲಾಗಿ ಕೂತಿರುವುದರಿಂದ ಫ್ಯಾನಿಗೆ ಬೇರೆಯೇ 12 ವೋಲ್ಟ್ ಮೋಟರ್. ಕೂಲೆಂಟ್ ಸುಮಾರು 95ರಿಂದ 100 ಡಿಗ್ರಿ ಮುಟ್ಟಿದಾಗ ಸೆನ್ಸರ್ ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ತಿಳಿಸುತ್ತದೆ, ಇಸಿಯು ರಿಲೇಯನ್ನು ಎಬ್ಬಿಸುತ್ತದೆ, ರಿಲೇ ಫ್ಯೂಸಿನ ಮೂಲಕ ಬಂದ ಕರೆಂಟನ್ನು ಮೋಟರಿಗೆ ಬಿಡುತ್ತದೆ. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ನಮಗೆ ಕಾಣುವುದು ನಿಂತ ರೆಕ್ಕೆ ಮಾತ್ರ. ಹಾಗಾಗಿ ನೋಡಿದೊಡನೆ ‘ಮೋಟರ್ ಹೋಗಿದೆ’ ಎಂದು ಹೊಸದನ್ನು ತರಿಸುವುದು ನನಗೆ ಸರಿಕಾಣದು.

ಎಂಜಿನ್ ಚಾಲೂ ಮಾಡಿ ಎ.ಸಿ. ಹಾಕಿ. ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಕಾಯುವ ಮುಂಚೆಯೇ ಫ್ಯಾನ್ ತಿರುಗಬೇಕು. ಆಗ ತಿರುಗಿ, ಎ.ಸಿ. ಇಲ್ಲದೆ ಕಾದಾಗ ತಿರುಗದಿದ್ದರೆ ಮೋಟರ್ ನಿರಪರಾಧಿ. ಸೆನ್ಸರನ್ನೂ ಅದರ ವೈರನ್ನೂ ನೋಡಬೇಕು. ಕೂಲೆಂಟ್ ಮಟ್ಟವನ್ನೂ ನೋಡಬೇಕು, ಏಕೆಂದರೆ ದ್ರವದಲ್ಲಿ ಮುಳುಗಿರದ ಸೆನ್ಸರ್ ಕುದಿಯುವ ಎಂಜಿನ್ನನ್ನೂ ತಣ್ಣಗಿದೆ ಎಂದೇ ತಿಳಿಯಬಹುದು. ಆದರೆ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಒಳಗಿನ ಒತ್ತಡದಿಂದಾಗಿ ನೂರು ಡಿಗ್ರಿ ದಾಟಿಯೂ ಕುದಿಯದೆ ನಿಂತಿರುವ ಕೂಲೆಂಟ್, ಮುಚ್ಚಳ ತೆರೆದ ಕ್ಷಣ ಆವಿಯಾಗಿ ಮುಖಕ್ಕೆ ಎರಚುತ್ತದೆ.

ಎ.ಸಿ. ಹಾಕಿದಾಗಲೂ ಎಂಜಿನ್ ಕಾದಾಗಲೂ ಫ್ಯಾನ್ ತಿರುಗದಿದ್ದರೆ ಫ್ಯೂಸ್ ನೋಡಿ. ಅದು ಸರಿಯಿದ್ದರೆ ಪಕ್ಕದಲ್ಲೇ ಅದೇ ನಂಬರಿನ ಇನ್ನೊಂದು ರಿಲೇ ಇದ್ದೀತು, ಅದಲು ಬದಲು ಮಾಡಿ. ಕೊನೆಗೆ ಬ್ಯಾಟರಿಯಿಂದ ಮೋಟರಿಗೆ ನೇರ ಕರೆಂಟ್ ಕೊಡಿಸಿ. ಆಗಲೂ ಅಲುಗದಿದ್ದರಷ್ಟೇ ಅದು ಸತ್ತಿದೆ. ತಟ್ಟಿದರೆ ತಿರುಗುವ ಮೋಟರಿನಲ್ಲಿ ಸಾಮಾನ್ಯವಾಗಿ ಕಾರ್ಬನ್ ಬ್ರಷ್ ಸವೆದಿರುತ್ತದೆ. ಜೋರು ವೇಗ ಮಾತ್ರ ಇದ್ದು ನಿಧಾನದ ವೇಗ ಇಲ್ಲವೆಂದರೆ, ಎರಡು ವೇಗದ ಫ್ಯಾನಿನಲ್ಲಿ ರೆಸಿಸ್ಟರ್ ಸುಟ್ಟಿರಬಹುದು. ಸದಾ ತಿರುಗುತ್ತಲೇ ಇರುವುದೂ ರೋಗವೇ: ರಿಲೇ ಅಂಟಿಕೊಂಡಿರುತ್ತದೆ, ಇಲ್ಲವೇ ಸೆನ್ಸರ್ ಸುದ್ದಿ ಬಾರದ ಇಸಿಯು ಅಪಾಯ ಬೇಡವೆಂದು ಫ್ಯಾನ್ ಓಡಿಸುತ್ತಿರುತ್ತದೆ. ‘ಡೈರೆಕ್ಟ್ ಕೊಟ್ಟುಬಿಡೋಣ’ ಎಂಬ ಸಲಹೆ ಮನೆ ಮುಟ್ಟಲು ಸಾಕು. ವರ್ಷಗಟ್ಟಲೆ ಹಾಗೇ ಬಿಟ್ಟರೆ ಮೋಟರ್ ಸವೆಯುತ್ತದೆ, ಮೂಲ ದೋಷ ಅಡಗಿ ಕೂರುತ್ತದೆ.

ಕೀ ತೆಗೆದ ಮೇಲೂ ಕೆಲವು ಕಾರುಗಳಲ್ಲಿ ಫ್ಯಾನ್ ತಟ್ಟನೆ ತಿರುಗೀತು, ಕೈ ದೂರವಿರಲಿ. ರಿಪೇರಿಯಾದ ಮೇಲೆ ಇನ್ನೊಂದು ಪರೀಕ್ಷೆ. ವೈರ್ ತಿರುವುಮುರುವಾದರೆ ಫ್ಯಾನ್ ಉಲ್ಟಾ ತಿರುಗಿ ಎದುರುಗಾಳಿಯನ್ನೇ ತಳ್ಳುತ್ತದೆ. ರೇಡಿಯೇಟರಿನ ಹಿಂದೆ ಫ್ಯಾನ್ ಇರುವ ಕಾರಾದರೆ, ಅದು ತಿರುಗುತ್ತಿರುವಾಗ ಮುಂದಿನ ಜಾಲರಿಗೆ ಒಂದು ಹಾಳೆ ಹಿಡಿದು ಕೈ ಬಿಡಿ. ಹಾಳೆ ಅಲ್ಲೇ ಅಂಟಿ ನಿಲ್ಲಬೇಕು.