ಹಳೆಯ ಪುಟ್ಟ ಟಿ.ವಿ.ಗೆ ಮರುಜೀವ: ದುರಸ್ತಿಯೊಂದೇ ಸಾಲದು

ಅಟ್ಟದ ಮೂಲೆಯಲ್ಲೋ ಗುಜರಿ ಅಂಗಡಿಯಲ್ಲೋ ಧೂಳು ತಿನ್ನುತ್ತಿದ್ದ, ಮೇಲೊಂದು ಹಿಡಿಕೆಯುಳ್ಳ ಪುಟ್ಟ ಟಿ.ವಿ. ಕೈಗೆ ಸಿಕ್ಕಿದರೆ ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ ಅದನ್ನು ಪ್ಲಗ್ಗಿಗೆ ಸಿಕ್ಕಿಸಿ ಗುಂಡಿ ತಿರುಗಿಸುವುದು. ಅನುಭವಿ ಸಂಗ್ರಾಹಕರು ಮಾಡಲೇಬಾರದೆಂದು ಎಚ್ಚರಿಸುವ ಕೆಲಸವೂ ಅದೇ. ದಶಕಗಳ ಕಾಲ ಸುಮ್ಮನಿದ್ದ ಯಂತ್ರಕ್ಕೆ ಒಮ್ಮೆಲೇ ವಿದ್ಯುತ್ ಹರಿದರೆ, ಉಳಿಸಬಹುದಾಗಿದ್ದ ಭಾಗಗಳೂ ಸುಟ್ಟುಹೋಗಬಹುದು. ಅದೃಷ್ಟವಶಾತ್ ಟಿ.ವಿ. ಹೊತ್ತಿಕೊಂಡರೂ ಪರದೆಯ ಮೇಲೆ ಕಾಣುವುದು ಕಪ್ಪು-ಬಿಳುಪು ಚುಕ್ಕೆಗಳ ಕುಣಿತ ಮಾತ್ರ. ಏಕೆಂದರೆ ಅದು ಹಿಡಿಯಬೇಕಾದ ಪ್ರಸಾರವೇ ಈಗ ಬಹುತೇಕ ಇಲ್ಲ!

ಈ ಎರಡೂ ತೊಡಕುಗಳನ್ನು ದಾಟಿ ಹಳೆಯ ಪೋರ್ಟಬಲ್ ಟಿ.ವಿ.ಗಳಿಗೆ ಜೀವ ತುಂಬುವ ಹವ್ಯಾಸ ಜಪಾನ್, ಅಮೆರಿಕ, ಬ್ರಿಟನ್ ಮೊದಲಾದ ದೇಶಗಳಲ್ಲಿ ಬೇರೂರಿದೆ.

ಗಾತ್ರ ಕುಗ್ಗಿದ ಬಗೆ

ಟಿ.ವಿ. ಎಂದರೆ ನಡುಮನೆಯಲ್ಲಿ ಒಂದೇ ಕಡೆ ಕೂರುವ ಪೆಟ್ಟಿಗೆ ಎಂಬ ಭಾವನೆಯನ್ನು ಬದಲಿಸಿದ್ದು ಟ್ರಾನ್ಸಿಸ್ಟರ್. 1959ರಲ್ಲಿ ಅಮೆರಿಕದ ಫಿಲ್ಕೊ ಕಂಪನಿ ‘ಸಫಾರಿ’ ಎಂಬ ಬ್ಯಾಟರಿಚಾಲಿತ ಟಿ.ವಿ. ಹೊರತಂದಿತು. ಅದರ ಚಿತ್ರನಳಿಕೆ ಕೇವಲ ಎರಡು ಇಂಚಿನದು. ಚಿತ್ರವನ್ನು ಹಿಗ್ಗಿಸಿ ತೋರಿಸಲಾಗುತ್ತಿತ್ತು. ಮರುವರ್ಷ ಜಪಾನಿನ ಸೋನಿ ಕಂಪನಿಯ ಎಂಟು ಇಂಚಿನ ‘ಟಿವಿ8-301’ ಮಾರುಕಟ್ಟೆಗೆ ಬಂತು. ಪೂರ್ಣವಾಗಿ ಟ್ರಾನ್ಸಿಸ್ಟರುಗಳಿಂದಲೇ ನಡೆಯುವ, ಚಿತ್ರನಳಿಕೆಯನ್ನು ನೇರವಾಗಿ ನೋಡುವ ಮೊದಲ ಟಿ.ವಿ. ಎಂಬ ಹೆಗ್ಗಳಿಕೆ ಅದರದು. 1962ರಲ್ಲಿ ಅದೇ ಕಂಪನಿಯ ಐದು ಇಂಚಿನ ‘ಮೈಕ್ರೊ ಟಿವಿ’ ಬಂತು.

ಬಳಿಕ ಪೈಪೋಟಿ ಅಂಗೈಗೆ ಇಳಿಯಿತು. 1977ರಲ್ಲಿ ಬ್ರಿಟನ್ನಿನ ಸಿಂಕ್ಲೇರ್ ಎರಡು ಇಂಚಿನ ‘ಮೈಕ್ರೊವಿಷನ್’ ಬಿಡುಗಡೆ ಮಾಡಿತು. 1982ರಲ್ಲಿ ಸೋನಿಯ ‘ವಾಚ್‌ಮನ್’ ಬಂದಾಗ ಚಿತ್ರನಳಿಕೆಯ ಉದ್ದನೆಯ ಬೆನ್ನೇ ಮಾಯವಾಗಿತ್ತು. ಎಲೆಕ್ಟ್ರಾನುಗಳನ್ನು ಹೊಮ್ಮಿಸುವ ‘ಗನ್’ ಪರದೆಯ ಹಿಂದಿನ ಬದಲು ಕೆಳಗೆ ಕುಳಿತು, ಕಿರಣವನ್ನು ಬಾಗಿಸಿ ಪರದೆಗೆ ತಲುಪಿಸುತ್ತಿತ್ತು. ಮರುವರ್ಷ ಕ್ಯಾಸಿಯೊ ಕಂಪನಿ ಎಲ್‌ಸಿಡಿ ಪರದೆಯ ಜೇಬು ಟಿ.ವಿ. ತಂದಿತು.

ಮುಚ್ಚಳ ತೆರೆಯುವ ಮುನ್ನ

ಮೊದಲು ನೋಡಬೇಕಾದದ್ದು ಬೆನ್ನ ಮೇಲಿನ ಚೀಟಿ. ಜಪಾನಿನ ಸೆಟ್ 100 ವೋಲ್ಟ್‌ಗೆ, ಅಮೆರಿಕದ್ದು ಸುಮಾರು 120 ವೋಲ್ಟ್‌ಗೆ ರೂಪುಗೊಂಡದ್ದು. ಅವನ್ನು ನಮ್ಮ 230 ವೋಲ್ಟ್‌ಗೆ ನೇರವಾಗಿ ಜೋಡಿಸಿದರೆ ಸುಟ್ಟಂತೆಯೇ ಸರಿ. 12 ವೋಲ್ಟ್ ಅಡಾಪ್ಟರಿನಲ್ಲೂ ಧನ-ಋಣ ತುದಿಗಳು ಎಲ್ಲ ಕಂಪನಿಗಳಲ್ಲಿ ಒಂದೇ ರೀತಿ ಇರುತ್ತಿರಲಿಲ್ಲ.

ಅಪಾಯ ಯಂತ್ರಕ್ಕೆ ಮಾತ್ರವಲ್ಲ. ಪುಟ್ಟ ಸೆಟ್‌ನಲ್ಲೂ ಚಿತ್ರನಳಿಕೆಗೆ ಹಲವು ಸಾವಿರ ವೋಲ್ಟ್ ಹರಿಯುತ್ತದೆ. ಪ್ಲಗ್ ಕಿತ್ತ ಮೇಲೂ ಆ ವಿದ್ಯುತ್ ನಳಿಕೆಯಲ್ಲಿ ಉಳಿದಿರಬಹುದು. ಕೆಲವು ಸೆಟ್‌ಗಳ ಒಳಗಿನ ಲೋಹದ ಚೌಕಟ್ಟಿಗೇ ಮೇನ್ಸ್ ವಿದ್ಯುತ್ ತಗಲಿರುತ್ತದೆ. ಆದ್ದರಿಂದ ತರಬೇತಿಯಿಲ್ಲದವರು ಮುಚ್ಚಳ ತೆಗೆಯದಿರುವುದೇ ಕ್ಷೇಮ. ನುರಿತ ಮೆಕ್ಯಾನಿಕ್‌ಗಳು ಮೇನ್ಸ್ ಸೆಟ್‌ಗೆ ಮೊದಲ ಬಾರಿ ವಿದ್ಯುತ್ ಕೊಡುವಾಗ ನಡುವೆ ಸೀರೀಸ್ ಬಲ್ಬ್ ಜೋಡಿಸುತ್ತಾರೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪ್ರಖರವಾಗಿ ಉರಿದು ಸುಳಿವು ಕೊಡುತ್ತದೆ, ಸೆಟ್ ಉಳಿಯುತ್ತದೆ.

ರೋಗ ಎಲ್ಲಿ?

ಸಾಮಾನ್ಯವಾಗಿ ಮೊದಲು ಸಾಯುವುದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಅದರೊಳಗಿನ ದ್ರವ ಕಾಲಕ್ರಮೇಣ ಒಣಗುತ್ತದೆ ಅಥವಾ ಸೋರುತ್ತದೆ. 1980ರ ದಶಕದ ಕೊನೆಯ ಜೇಬು ಟಿ.ವಿ.ಗಳಲ್ಲಿ ಸೋರಿದ ದ್ರವ ಸರ್ಕ್ಯೂಟ್ ಬೋರ್ಡಿನ ತಾಮ್ರದ ಗೆರೆಗಳನ್ನೇ ತಿಂದುಹಾಕಿರುತ್ತದೆ. ಇಂಥ ಸೆಟ್‌ಗಳನ್ನು ಬಳಸದೆ ಇಟ್ಟರೂ ಹಾನಿ ನಿಲ್ಲುವುದಿಲ್ಲ.

ಉಳಿದ ರೋಗಗಳನ್ನು ಪರದೆಯೇ ಹೇಳುತ್ತದೆ. ನಡುವೆ ಒಂದೇ ಅಡ್ಡಗೆರೆ ಹೊಳೆದರೆ ಚಿತ್ರವನ್ನು ಮೇಲೆ-ಕೆಳಗೆ ಹರಡುವ ವರ್ಟಿಕಲ್ ವಿಭಾಗ ಕೆಟ್ಟಿದೆ ಎಂದರ್ಥ. ಆಗ ತಕ್ಷಣ ಬೆಳಕು ತಗ್ಗಿಸದಿದ್ದರೆ ಆ ಗೆರೆ ಪರದೆಯಲ್ಲಿ ಶಾಶ್ವತ ಕಲೆಯಾಗುತ್ತದೆ. ಧ್ವನಿಯಿದ್ದು ಪರದೆ ಕತ್ತಲಾಗಿದ್ದರೆ ಅನುಮಾನ ಹೈ ವೋಲ್ಟೇಜ್ ವಿಭಾಗದ ಮೇಲೆ. ಕೆಪಾಸಿಟರ್ ಹೊಸದು ಸಿಗುತ್ತದೆ. ಚಿತ್ರನಳಿಕೆ ಹಾಗಲ್ಲ, ಅದು ಒಡೆದರೆ ಇನ್ನೊಂದು ಸೆಟ್‌ನಿಂದ ಕಳಚಿಯೇ ತರಬೇಕು. ಅಂದರೆ ಒಂದನ್ನು ಉಳಿಸಲು ಇನ್ನೊಂದರ ಬಲಿ!

ಪ್ರಸಾರ ನಿಂತ ಮೇಲೆ

ಅಮೆರಿಕ 2009ರಲ್ಲಿ, ಬ್ರಿಟನ್ ಮತ್ತು ಜಪಾನ್ 2012ರಲ್ಲಿ ಡಿಜಿಟಲ್ ಪ್ರಸಾರಕ್ಕೆ ಬದಲಾವಣೆಯನ್ನು ಪೂರ್ಣಗೊಳಿಸಿದವು. ದೂರದರ್ಶನವೂ ಆಯಕಟ್ಟಿನ ಕೆಲವು ಸ್ಥಳಗಳನ್ನು ಬಿಟ್ಟು ಅನಲಾಗ್ ಭೂ ಪ್ರಸಾರವನ್ನು 2022ರ ವೇಳೆಗೆ ಹಂತಹಂತವಾಗಿ ಕೈಬಿಟ್ಟಿತು. ಹೀಗಾಗಿ ದುರಸ್ತಿಯಾದ ಸೆಟ್‌ಗೆ ಸಂಕೇತವನ್ನೂ ಒಡೆಯನೇ ಒದಗಿಸಬೇಕು. ಇದಕ್ಕೆ ಬೇಕಾದದ್ದು ಆರ್‌ಎಫ್ ಮಾಡ್ಯುಲೇಟರ್. ಡಿವಿಡಿ ಪ್ಲೇಯರ್ ಅಥವಾ ಸೆಟ್‌ಟಾಪ್ ಬಾಕ್ಸಿನ ಎವಿ ಸಂಕೇತವನ್ನು ಅದು ಹಳೆಯ ಟಿ.ವಿ. ಚಾನೆಲ್ಲಾಗಿ ಪರಿವರ್ತಿಸುತ್ತದೆ. ಅದನ್ನು ಕೇಬಲ್ ಮೂಲಕವೇ ಕೊಡಬೇಕು. ಆಂಟೆನಾ ಹಚ್ಚಿ ಗಾಳಿಗೆ ಬಿಟ್ಟರೆ ಪರವಾನಗಿಯಿಲ್ಲದ ಪ್ರಸಾರವಾಗುತ್ತದೆ.

ಇಲ್ಲಿಯೂ ಒಂದು ಮರ್ಮವಿದೆ. ಭಾರತದ ಅನಲಾಗ್ ಪದ್ಧತಿಯಲ್ಲಿ ಚಿತ್ರಕ್ಕೂ ಧ್ವನಿಗೂ 5.5 ಮೆಗಾಹರ್ಟ್ಸ್ ಅಂತರ. ಬ್ರಿಟನ್ನಿನಲ್ಲಿ 6, ಅಮೆರಿಕ-ಜಪಾನ್‌ಗಳಲ್ಲಿ 4.5. ಹೊಂದಿಕೆಯಾಗದ ಮಾಡ್ಯುಲೇಟರ್ ಬಳಸಿದರೆ ಚಿತ್ರ ಬಂದರೂ ಟಿ.ವಿ. ಮೂಕ. ಸೆಟ್ ಸರಿಯಿದ್ದೂ ಕೆಟ್ಟಿದೆಯೆಂದು ಎಸೆಯುವ ಪ್ರಮಾದ ಆಗುವುದು ಇಲ್ಲೇ.

ಕೈಗಳೂ ಮರೆಯಾಗುತ್ತಿವೆ

ಈ ಕಥೆಗೆ ಕರ್ನಾಟಕದ ನಂಟೂ ಇದೆ. ಬೆಂಗಳೂರಿನ ಬಿಇಎಲ್ ಒಂದು ಕಾಲದಲ್ಲಿ ಕಪ್ಪು-ಬಿಳುಪು ಟಿ.ವಿ.ಗಳ ಚಿತ್ರನಳಿಕೆ ತಯಾರಿಸುತ್ತಿತ್ತು. 1980ರ ದಶಕದಲ್ಲಿ ದೂರದರ್ಶನ ಊರೂರಿಗೆ ಹಬ್ಬಿದಾಗ 14 ಇಂಚಿನ ಪೋರ್ಟಬಲ್ ಸೆಟ್‌ಗಳು ಮಧ್ಯಮವರ್ಗದ ಮನೆಗಳನ್ನು ಸೇರಿದವು. ವಿದ್ಯುತ್ ಕೈಕೊಟ್ಟಾಗ ಕೆಲವು ಸೆಟ್‌ಗಳು 12 ವೋಲ್ಟ್ ಬ್ಯಾಟರಿಯಿಂದಲೂ ನಡೆಯುತ್ತಿದ್ದವು. ಅವನ್ನು ರಿಪೇರಿ ಮಾಡಿದ ಪೀಳಿಗೆಗೆ ಈಗ ವಯಸ್ಸಾಗಿದೆ. ಬಿಡಿಭಾಗಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಬಹುದು, ಪರದೆಯ ಗೆರೆ ನೋಡಿ ರೋಗ ಹೇಳುವ ಅನುಭವ ಅಂಗಡಿಯಲ್ಲಿ ಸಿಗದು.

ಆದ್ದರಿಂದ ಮನೆಯಲ್ಲಿ ಇಂಥ ಸೆಟ್ ಇದ್ದರೆ ಗುಜರಿಗೆ ಹಾಕುವ ಮುನ್ನ ಹಳೆಯ ಮೆಕ್ಯಾನಿಕ್ ಒಬ್ಬರಿಗೆ ತೋರಿಸುವುದು ಲೇಸು. ಮೂಲ ಅಡಾಪ್ಟರ್, ಆಂಟೆನಾ, ಕೈಪಿಡಿಗಳನ್ನು ಜೊತೆಯಲ್ಲೇ ಇಡಬೇಕು. ಬ್ಯಾಟರಿಗಳನ್ನು ತೆಗೆದಿಡಬೇಕು. ಉಳಿಸಲಾಗದು ಎಂದಾದರೆ ಚಿತ್ರನಳಿಕೆಯನ್ನು ಒಡೆಯದೆ ಅಧಿಕೃತ ಇ-ತ್ಯಾಜ್ಯ ಕೇಂದ್ರಕ್ಕೆ ಒಪ್ಪಿಸಬೇಕು. ಅದರ ಗಾಜಿನಲ್ಲಿ ಸೀಸವಿರುತ್ತದೆ.