ಗಾಳಿಯನ್ನು ಹಿಂಡುವ ಯಂತ್ರ

ಪುಣೆಯವರು ‘ಛೋಟಾ ಹಾಥಿ’ ಎನ್ನುವ ಟಾಟಾ ಏಸ್ ಟೆಂಪೊದಲ್ಲಿ ಸುಮಾರು ಮುಕ್ಕಾಲು ಟನ್ ಸಾಮಾನು ಹೇರಬಹುದು. ಅದೇ ಗಾಡಿಗೆ ಆಳೆತ್ತರಕ್ಕೂ ಮೀರಿ ಹಳೇ ಥರ್ಮೊಕೋಲ್ ಪೇರಿಸಿ, ಹಗ್ಗ ಬಿಗಿದು, ಬಲೆ ಹೊದಿಸಿ ಪುಣೆ ಬಳಿಯ ನಿಗಡಿಯ ಟ್ರಾನ್ಸ್‌ಪೋರ್ಟ್ ನಗರದಿಂದ ಹೊರಡಿಸಿ ನೋಡಿ. ಇನ್ನೊಂದು ತುಂಡಿಗೂ ಜಾಗ ಇರುವುದಿಲ್ಲ. ತೂಕ ಮಾತ್ರ ಅರವತ್ತು–ಎಪ್ಪತ್ತು ಕಿಲೊ ದಾಟುವುದಿಲ್ಲ. ಡ್ರೈವರನ ಪಕ್ಕ ಇನ್ನೊಬ್ಬ ಕೂತಷ್ಟೇ ಭಾರ. ಡೀಸೆಲ್, ಟೋಲು, ಡ್ರೈವರನ ಕೂಲಿ ಎಲ್ಲ ಪೂರ್ತಿ ಗಾಡಿಯ ಲೆಕ್ಕದಲ್ಲಿ. ಮಾಲು ಹತ್ತನೇ ಒಂದು ಭಾಗದಷ್ಟೂ ಇಲ್ಲ. ಗುಜರಿ ಅಂಗಡಿಯವರು ರದ್ದಿ ಪೇಪರು, ರಟ್ಟು, ಹಾಲಿನ ಕವರು ಎಲ್ಲವನ್ನೂ ತೆಗೆದುಕೊಂಡು ಥರ್ಮೊಕೋಲ್ ಕಂಡರೆ ಬೇಡವೆನ್ನುವುದು ಈ ಲೆಕ್ಕ ಗೊತ್ತಿರುವುದರಿಂದಲೇ.

ಥರ್ಮೊಕೋಲ್ ಮರುಬಳಕೆಗೆ ಬರುವುದಿಲ್ಲ ಎಂಬ ಮಾತು ಜನರ ಬಾಯಲ್ಲಿ ಗಟ್ಟಿಯಾಗಿ ಕೂತಿದೆ. ಆದರೆ ಪ್ಲಾಸ್ಟಿಕ್‌ಗಳ ಪೈಕಿ ಸುಲಭವಾಗಿ ಕರಗಿ, ಸುಲಭವಾಗಿ ಮತ್ತೆ ರೂಪ ಪಡೆಯುವುದರಲ್ಲಿ ಅದು ಯಾವುದಕ್ಕೂ ಕಮ್ಮಿಯಿಲ್ಲ. ತೊಡಕಿರುವುದು ಅದರೊಳಗಿನ ಗಾಳಿಯಲ್ಲಿ.

ಆ ಗಾಳಿ ಒಳಗೆ ಸೇರಿದ ಬಗೆ ತಿಳಿದರೆ ಅದನ್ನು ಹೊರಹಾಕುವ ಬಗೆಯೂ ತಿಳಿಯುತ್ತದೆ. 1839ರಲ್ಲಿ ಬರ್ಲಿನ್ನಿನ ಔಷಧಿ ವ್ಯಾಪಾರಿ ಎಡ್ವರ್ಡ್ ಸೈಮನ್ ಒಂದು ಮರದ ಪರಿಮಳದ ರಾಳವನ್ನು ಬಟ್ಟಿ ಇಳಿಸಿ ತೆಳು ಎಣ್ಣೆಯಂಥ ದ್ರವ ಪಡೆದ. ಇಟ್ಟಲ್ಲೇ ಇಟ್ಟಾಗ ಅದು ತಾನಾಗಿ ಗಟ್ಟಿಯಾಯಿತು. ಆ ದ್ರವ ಸ್ಟೈರೀನ್, ಗಟ್ಟಿಯಾದದ್ದು ಪಾಲಿಸ್ಟೈರೀನ್. ಸಾವಿರಾರು ಸ್ಟೈರೀನ್ ಅಣುಗಳು ಸರಪಳಿಯಾಗಿ ಕೂಡಿಕೊಳ್ಳುವುದರಿಂದ ಹೀಗಾಗುತ್ತದೆ ಎಂಬುದು ಹರ್ಮನ್ ಸ್ಟೌಡಿಂಗರ್ 1920ರ ದಶಕದಲ್ಲಿ ವಾದಿಸುವವರೆಗೆ ಸ್ಪಷ್ಟವಿರಲಿಲ್ಲ. ಆ ಕೆಲಸಕ್ಕಾಗಿ ಅವರಿಗೆ 1953ರಲ್ಲಿ ನೊಬೆಲ್ ಬಂತು. ಸಾದಾ ಪಾಲಿಸ್ಟೈರೀನ್ ಗಾಜಿನ ಹಾಗೆ ಪಾರದರ್ಶಕ, ಗಡುಸು. ಬಗ್ಗಿಸಿದರೆ ಟಪ್ಪೆಂದು ಮುರಿಯುತ್ತದೆ. ಶಾಲೆಯ ಮಕ್ಕಳ ಪಾರದರ್ಶಕ ಸ್ಕೇಲು, ಹಳೇ ಸಿ.ಡಿ. ಡಬ್ಬಿ ಅದರವೇ. ಅದನ್ನು ಹಗುರ ನೊರೆಯಾಗಿಸುವ ದಾರಿಯನ್ನು 1949ರಲ್ಲಿ ಕಂಡುಕೊಂಡವನು ಜರ್ಮನಿಯ ಬಿಎಎಸ್ಎಫ್ ಕಂಪನಿಯ ಫ್ರಿಟ್ಸ್ ಸ್ಟಾಸ್ಟ್ನಿ.

ಕಾರ್ಖಾನೆಗೆ ಪಾಲಿಸ್ಟೈರೀನ್ ಬರುವುದು ಸಕ್ಕರೆ ಹರಳಿನಂಥ ಸಣ್ಣ ಮಣಿಗಳಾಗಿ. ಮಣಿಯೊಳಗೆ ಪೆಂಟೇನ್ ಎಂಬ ದ್ರವ ತೂಕದಲ್ಲಿ ನೂರಕ್ಕೆ ಐದಾರು ಪಾಲು ಅಡಗಿರುತ್ತದೆ. 100 ಡಿಗ್ರಿಯ ಹಬೆ ತಾಗಿದಾಗ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ: ಪಾಲಿಸ್ಟೈರೀನ್ ಮೆತ್ತಗಾಗುತ್ತದೆ, ಪೆಂಟೇನ್ ಆವಿಯಾಗಿ ಒಳಗಿನಿಂದ ಒತ್ತುತ್ತದೆ. ಮಣಿ ನಲವತ್ತು–ಐವತ್ತು ಪಟ್ಟು ಉಬ್ಬುತ್ತದೆ. ಉಬ್ಬಿದ ಮಣಿಗಳನ್ನು ಬಲೆಯ ದೊಡ್ಡ ಚೀಲಗಳಲ್ಲಿ ಕೆಲವು ತಾಸು ಆರಲು ಬಿಡುತ್ತಾರೆ. ಪೆಂಟೇನ್ ಹೊರಸೋರುತ್ತಾ ಅದರ ಜಾಗಕ್ಕೆ ಹೊರಗಿನ ಗಾಳಿ ನುಗ್ಗುತ್ತದೆ. ಆಮೇಲೆ ಟಿವಿಯ ಮೂಲೆಗೋ ಫ್ರಿಜ್ಜಿನ ಬುಡಕ್ಕೋ ತಕ್ಕ ಅಚ್ಚಿಗೆ ತುಂಬಿ ಇನ್ನೊಮ್ಮೆ ಹಬೆ ಕೊಟ್ಟರೆ ಮಣಿಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ತಯಾರಾದ ತುಂಡಿನಲ್ಲಿ 98 ಪಾಲು ಗಾಳಿ, 2 ಪಾಲು ಪ್ಲಾಸ್ಟಿಕ್. ಒಂದೊಂದು ಮಣಿಯೊಳಗೂ ತೀರ ತೆಳು ಗೋಡೆಯ ಮುಚ್ಚಿದ ಕೋಶಗಳ ದಟ್ಟಣೆ ಇರುತ್ತದೆ. ಪೆಟ್ಟು ಬಿದ್ದಾಗ ಆ ಗೋಡೆಗಳು ತಾವು ಕುಸಿದು ಟಿವಿಯನ್ನು ಉಳಿಸುತ್ತವೆ.

ಇನ್ನು ಈ ಗಾಳಿಯನ್ನು ಹಿಂಡುವ ಯಂತ್ರಕ್ಕೆ ಬರೋಣ. ಹೆಸರು ಕಾಂಪ್ಯಾಕ್ಟರ್, ಮೇಲ್ಗಡೆ ಅಗಲ ಬಾಯಿಯ ಹಾಪರ್, ಅದರ ಬುಡದಲ್ಲಿ ಹಲ್ಲಿನ ಉರುಳೆಗಳು. ತುಂಡು ಹಾಕಿದೊಡನೆ ಕಿರ್ರೆಂದು ಹರಿದು ಅಂಗೈಯಗಲದ ಚೂರುಗಳಾಗುತ್ತದೆ. ಕೆಳಗಿನ ದಪ್ಪ ಸ್ಕ್ರೂ ಆ ಚೂರುಗಳನ್ನು ಉದ್ದನೆಯ ಚೌಕ ಕೊಳವೆಗೆ ತಳ್ಳುತ್ತಾ ಹೋಗುತ್ತದೆ. ಕೊಳವೆಯ ತುದಿಯನ್ನು ಹೈಡ್ರಾಲಿಕ್ ಹಿಡಿಕೆಗಳು ಬಿಗಿಯಾಗಿ ಕಚ್ಚಿರುತ್ತವೆ. ಮುಂದಿನ ಹಿಡಿಕೆ ಹೊರಹೋಗಲು ಬಿಡದು, ಹಿಂದಿನ ಸ್ಕ್ರೂ ತಳ್ಳುವುದು ನಿಲ್ಲಿಸದು. ನಡುವೆ ಸಿಕ್ಕ ಕೋಶಗಳ ಗೋಡೆಗಳು ಮಡಚಿ ಒಡೆದು ಗಾಳಿ ಸಂದುಗಳಿಂದ ಹೊರಬೀಳುತ್ತದೆ. ತಿಕ್ಕಾಟದ ಬಿಸಿಗೆ ಚೂರುಗಳ ಮೈ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಕೊನೆಗೆ ಹೊರಗೆ ಬರುವುದು ಮರದ ತೊಲೆಯಂತೆ ಕಾಣುವ ಬಿಳಿ ದಿಮ್ಮಿ. ಕೈಯಿಂದ ಬಡಿದರೆ ಟಣ್ಣೆನ್ನುವಷ್ಟು ಗಟ್ಟಿ. ಬೇಕಾದ ಉದ್ದಕ್ಕೆ ಮುರಿದು ಒಟ್ಟಬಹುದು.

ಆ ಟೆಂಪೊದ ಗುಡ್ಡವನ್ನು ಹೀಗೆ ಹಿಂಡಿದರೆ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಜಾಗದಲ್ಲಿ ಕೂರುತ್ತದೆ. ಈಗ ಅದೇ ಗಾಡಿಗೆ ಮುಕ್ಕಾಲು ಟನ್ ಪೂರ್ತಿ ತುಂಬಬಹುದು.

ಇನ್ನೊಂದು ಬಗೆಯ ಯಂತ್ರದಲ್ಲಿ ಕೊಳವೆಗೆ ಹೀಟರ್ ಸುತ್ತಿರುತ್ತದೆ. ಅಲ್ಲಿ ಥರ್ಮೊಕೋಲ್ ಕರಗಿ ಪೇಸ್ಟಾಗಿ ಬಾಯಿಂದ ಬೀಳುತ್ತದೆ, ತಟ್ಟೆಯಲ್ಲಿ ಮಡಿಕೆ ಮಡಿಕೆಯಾಗಿ ಕೂತು ಕಲ್ಲಾಗುತ್ತದೆ. ಗಾತ್ರ ತೊಂಬತ್ತನೇ ಒಂದಕ್ಕೆ ಇಳಿಯುತ್ತದೆ. ಆದರೆ ಕರಗಿಸಿದಲ್ಲಿ ಸ್ಟೈರೀನ್ ಆವಿ ಏಳುವುದು ತಪ್ಪದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2018ರಲ್ಲಿ ಸ್ಟೈರೀನನ್ನು ಕ್ಯಾನ್ಸರ್ ತರುವ ಸಾಧ್ಯತೆ ಬಲವಾಗಿರುವ ವಸ್ತುಗಳ ಗುಂಪಿಗೆ ಸೇರಿಸಿತು. ಮನೆಗಳ ನಡುವೆ, ಕಿಟಕಿಯಿಲ್ಲದ ಶೆಡ್ಡಿನಲ್ಲಿ ಬಿಸಿ ಯಂತ್ರ ಇಡುವುದು ಕೆಲಸಗಾರರ ಜೀವಕ್ಕೆ ಒಳ್ಳೆಯದಲ್ಲ. ಊರೊಳಗೆ ಹೀಟರಿಲ್ಲದ ತಣ್ಣನೆಯ ಯಂತ್ರವೇ ಸರಿ.

ದಿಮ್ಮಿ ಹೋಗುವುದು ದಾಣಾ, ಅಂದರೆ ಪ್ಲಾಸ್ಟಿಕ್ ಕಾಳು, ಮಾಡುವವರ ಬಳಿಗೆ. ಅಲ್ಲಿ ಪುಡಿ ಮಾಡಿ, ಎಕ್ಸ್‌ಟ್ರೂಡರ್‌ನಲ್ಲಿ 200 ಡಿಗ್ರಿ ಆಸುಪಾಸಿಗೆ ಕರಗಿಸಿ, ಉಳಿದ ಗಾಳಿಯನ್ನು ನಿರ್ವಾತದಿಂದ ಎಳೆದು, ಉಕ್ಕಿನ ಜಾಲರಿಯಲ್ಲಿ ಸೋಸುತ್ತಾರೆ. ತೂತುಗಳಿಂದ ಶಾವಿಗೆಯ ಎಳೆಗಳಂತೆ ಇಳಿದು ನೀರಿನ ತೊಟ್ಟಿಯಲ್ಲಿ ತಣಿದದ್ದನ್ನು ಕತ್ತರಿಸಿದರೆ ದಾಣಾ ಸಿದ್ಧ. ಪ್ರತಿ ಸಲ ಕರಗುವಾಗಲೂ ಅಣುಗಳ ಸರಪಳಿ ಅಷ್ಟಿಷ್ಟು ತುಂಡಾಗುವುದರಿಂದ ದಾಣಾ ಸ್ವಲ್ಪ ಪೆಡಸಾಗುತ್ತದೆ. ಹೊಸ ಮಾಲನ್ನು ಬೆರೆಸಿ ಸರಿದೂಗಿಸುತ್ತಾರೆ. ಅದರಿಂದ ಬಟ್ಟೆ ಹ್ಯಾಂಗರ್, ಪೆನ್ನಿನ ಮೈ, ಗೋಡೆಯ ಅಂಚುಪಟ್ಟಿ ಬರುತ್ತವೆ. ದೊಡ್ಡ ಗಿರಾಕಿ ಮಾತ್ರ ಫೋಟೊ ಚೌಕಟ್ಟಿನವರು. ನಿಮ್ಮ ದೇವರ ಕೋಣೆಯ ಪಟ ಇತ್ತೀಚಿನದಾಗಿದ್ದರೆ ಅದರ ಬಂಗಾರದ ಬಣ್ಣದ ಕಟ್ಟಿನ ಹಿಂಬದಿಯನ್ನು ಉಗುರಿನಿಂದ ಕೆರೆದು ನೋಡಿ. ಮರದ ಎಳೆಯ ಬದಲು ನುಣ್ಣನೆ ರಂಧ್ರಗಳ ಗಟ್ಟಿ ನೊರೆ ಕಂಡರೆ ಅದು ಪಾಲಿಸ್ಟೈರೀನ್.

ಹಿಂಡುವುದಕ್ಕೆ ಬದಲು ಕರಗಿಸುವ ದಾರಿಯೂ ಇದೆ. ನಾಗಪುರದ ಕಿತ್ತಳೆಯಾಗಲಿ ಕೊಡಗಿನದಾಗಲಿ, ಸಿಪ್ಪೆಯನ್ನು ಮಡಚಿ ಥರ್ಮೊಕೋಲಿನ ಮೇಲೆ ಚಿಮ್ಮಿಸಿದರೆ ಹನಿ ಬಿದ್ದ ಕಡೆಯೆಲ್ಲ ಸಣ್ಣ ಗುಳಿ ಬೀಳುತ್ತದೆ. ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಇದನ್ನೇ ಹಿಡಿದು ಜಪಾನಿನ ಸೋನಿ ಕಂಪನಿ 1990ರ ದಶಕದಲ್ಲಿ ಟಿವಿ ಪ್ಯಾಕಿಂಗಿನ ಥರ್ಮೊಕೋಲನ್ನು ಲಿಮೊನೀನ್‌ನಲ್ಲಿ ಕರಗಿಸಿ, ಆಮೇಲೆ ಎಣ್ಣೆಯನ್ನು ಆವಿ ಮಾಡಿ ಮರಳಿ ಪಡೆಯುವ ವಿಧಾನ ರೂಪಿಸಿತು. ಈ ದಾರಿಯಲ್ಲಿ ಪ್ಲಾಸ್ಟಿಕ್‌ನ ಗುಣ ಹೆಚ್ಚು ಕೆಡುವುದಿಲ್ಲ. ಪೆಟ್ರೋಲಿನಲ್ಲಿ ಕರಗಿಸಿ ಮನೆಯಲ್ಲೇ ಅಂಟು ಮಾಡುವುದನ್ನು ತೋರಿಸುವ ವಿಡಿಯೊಗಳು ಓಡಾಡುತ್ತವೆ. ದಯವಿಟ್ಟು ಆ ಗೋಜಿಗೆ ಹೋಗಬೇಡಿ. ಹೊತ್ತಿಕೊಂಡರೆ ಆ ಅಂಟು ಚರ್ಮಕ್ಕೆ ಮೆತ್ತಿಕೊಂಡೇ ಉರಿಯುತ್ತದೆ.

ಥರ್ಮೊಕೋಲ್ ತಿನ್ನುವ ಹುಳುವಿನ ಸುದ್ದಿಯನ್ನೂ ಓದಿರುತ್ತೀರಿ. 2015ರಲ್ಲಿ ಚೀನಾ ಮತ್ತು ಸ್ಟ್ಯಾನ್‌ಫರ್ಡ್ ವಿಜ್ಞಾನಿಗಳು ಅದನ್ನು ತೋರಿಸಿದ್ದು ನಿಜ. ಮೀಲ್‌ವರ್ಮ್ ಎಂಬ ಹಿಟ್ಟಿನ ಹುಳುವಿನ ಕರುಳಿನ ಬ್ಯಾಕ್ಟೀರಿಯಾ ಪಾಲಿಸ್ಟೈರೀನನ್ನು ಒಡೆಯುತ್ತವೆ. ಆದರೆ ನೂರು ಹುಳು ದಿನಕ್ಕೆ ತಿನ್ನುವುದು 34ರಿಂದ 39 ಮಿಲಿಗ್ರಾಂ. ಒಂದು ಕಿಲೊ ಮುಗಿಸಲು ಒಂದು ಲಕ್ಷ ಹುಳುಗಳಿಗೆ ಸುಮಾರು ಇಪ್ಪತ್ತೇಳು ದಿನ ಬೇಕು. ವಿಜ್ಞಾನವಾಗಿ ಅದ್ಭುತ, ನಿಗಡಿಯ ಕಸಕ್ಕೆ ಸದ್ಯ ಉತ್ತರವಲ್ಲ.

ನಿಗಡಿಯ ಮಾತು ಮತ್ತೆ ಮತ್ತೆ ಎತ್ತುತ್ತಿರುವುದಕ್ಕೆ ಕಾರಣವಿದೆ. ಪಿಂಪ್ರಿ–ಚಿಂಚವಾಡದ ಈ ತುದಿಯಲ್ಲಿ ಹುಟ್ಟುವ ಥರ್ಮೊಕೋಲ್ ಬರೀ ಮನೆಗಳದ್ದಲ್ಲ. ಭೋಸರಿ, ತಳವಡೆ, ಚಾಕಣದ ಕಾರ್ಖಾನೆಗಳಿಗೆ ಬರುವ ಬಿಡಿಭಾಗಗಳೂ ಅದರಲ್ಲೇ ಕೂತು ಬರುತ್ತವೆ. ಪುಣೆಯ ಇನ್ನೊಂದು ಮಗ್ಗುಲಿನ ರಾಂಜಣಗಾಂವ್‌ನಲ್ಲಿ ಎಲ್‌ಜಿ, ವರ್ಲ್‌ಪೂಲ್, ಹೈಯರ್ ಕಾರ್ಖಾನೆಗಳಿವೆ. ಹೊಸ ಫ್ರಿಜ್ಜು, ವಾಷಿಂಗ್ ಮಷೀನು ಮನೆಗೆ ಬಂದ ದಿನ ನಿಗಡಿಯ ಪ್ರಾಧಿಕರಣ ಬಡಾವಣೆಯ ಕಾಲೊನಿಗಳ ಗೇಟಿನ ಬಳಿ ಬಿಳಿ ತುಂಡುಗಳು ಬೀಳುತ್ತವೆ. ಚಿಖಲಿ ಪಕ್ಕದ ಕುದಳವಾಡಿ ಈ ಭಾಗದ ದೊಡ್ಡ ಗುಜರಿ ಕೇಂದ್ರವಾಗಿತ್ತು. ಅಲ್ಲಿ ಮೇಲಿಂದ ಮೇಲೆ ಬೆಂಕಿ ಬೀಳುತ್ತಿತ್ತು. 2025ರ ಫೆಬ್ರವರಿಯಲ್ಲಿ ಮಹಾನಗರಪಾಲಿಕೆ ಅಲ್ಲಿನ ಅನಧಿಕೃತ ಶೆಡ್ಡುಗಳನ್ನು ನೆಲಸಮ ಮಾಡಿತು. ಬೆಂಕಿಯ ಅಪಾಯ ನಿಜವೇ. ಆದರೆ ಶೆಡ್ಡು ಹೋದರೆ ಕಸ ಹುಟ್ಟುವುದು ನಿಲ್ಲುವುದಿಲ್ಲ, ಅದನ್ನು ಆರಿಸಿ ಬೇರ್ಪಡಿಸುತ್ತಿದ್ದ ಕೈಗಳು ಚದುರುತ್ತವೆ.

ಉಳಿದದ್ದು ಮೋಶಿಯ ಕಸದ ಡಿಪೊ ಸೇರುತ್ತದೆ. 2023ರ ಆಗಸ್ಟ್ 1ರಂದು ಉದ್ಘಾಟನೆಯಾದ ಕಸದಿಂದ ವಿದ್ಯುತ್ ತೆಗೆಯುವ ಘಟಕ ಇರುವುದು ಅಲ್ಲೇ. ಒಂದು ಕಿಲೊ ಪಾಲಿಸ್ಟೈರೀನ್‌ನಲ್ಲಿ ಡೀಸೆಲ್‌ಗೆ ಹತ್ತಿರ ಬರುವಷ್ಟು ಶಾಖ ಇದೆ, ಹಾಗಾಗಿ ಸುಟ್ಟರೆ ಕರೆಂಟೇನೋ ಬರುತ್ತದೆ. ಆದರೆ ಹಲವು ಸಲ ರೂಪ ಬದಲಿಸಿ ದುಡಿಯಬಲ್ಲ ವಸ್ತುವನ್ನು ಒಂದೇ ಸಲಕ್ಕೆ ಸುಟ್ಟುಬಿಡುವುದು ನನಗೆ ಒಪ್ಪಿಗೆಯಿಲ್ಲ. ಬೀದಿ ಬದಿಯಲ್ಲಿ ಸುಡುವುದಂತೂ ಇನ್ನೂ ಕೆಟ್ಟದ್ದು. ಅದರ ಅಣುವಿನಲ್ಲಿರುವ ಬೆಂಜೀನ್ ಉಂಗುರ ಪೂರ್ತಿ ಉರಿಯದೆ ಕಪ್ಪು ಮಸಿಯಾಗಿ ಏಳುತ್ತದೆ.

ಕೊನೆಯ ದಾರಿ ನೀರಿನದು. ನಿಗಡಿಯ ಒಂದು ಮಗ್ಗುಲಿಗೆ ಪವನಾ, ಇನ್ನೊಂದು ಮಗ್ಗುಲಿಗೆ ಇಂದ್ರಾಯಣಿ. ಎರಡರ ನೀರೂ ಕಡೆಗೆ ಭೀಮೆಯ ಪಾಲು. ಭೀಮೆ ಉಜನಿ ಅಣೆಕಟ್ಟು, ಪಂಢರಪುರ ದಾಟಿ ವಿಜಯಪುರ–ಕಲಬುರಗಿ ಸೀಮೆಗೆ ಬಂದು, ಗಾಣಗಾಪುರದ ಮುಂದೆ ಹರಿದು, ರಾಯಚೂರಿನ ಬಳಿ ಕೃಷ್ಣೆಯನ್ನು ಕೂಡುತ್ತದೆ. ಥರ್ಮೊಕೋಲ್ ಮುಳುಗುವುದಿಲ್ಲ, ಕೊಳೆಯುವುದಿಲ್ಲ. ಬಿಸಿಲಿಗೆ ಪುಡಿಯಾಗಿ ಮಣಿ ಮಣಿಯಾಗಿ ತೇಲುತ್ತದೆ, ಮೀನು ಮೊಟ್ಟೆಯೆಂದು ನುಂಗುತ್ತದೆ. ಆ ಸೀಮೆಯಿಂದ ದುಡಿಮೆಗೆಂದು ಪುಣೆಗೆ ಬಂದ ಕನ್ನಡಿಗರು ಬಹಳ ಮಂದಿ. ಇಲ್ಲಿ ನಾಲೆಗೆ ಬಿದ್ದದ್ದು ಅವರ ಊರಿನ ಕಡೆಗೇ ಹೊರಡುತ್ತದೆ.

ಕಾನೂನು ಏನೂ ಮಾಡಿಲ್ಲವೆಂದಲ್ಲ. ಕರ್ನಾಟಕ 2016ರಲ್ಲೇ ಥರ್ಮೊಕೋಲ್ ತಟ್ಟೆ ಲೋಟಗಳನ್ನು ನಿಷೇಧಿಸಿತು. ಮಹಾರಾಷ್ಟ್ರದ ನಿಷೇಧ 2018ರ ಮಾರ್ಚ್‌ನಲ್ಲಿ ಬಂತು. ಆ ವರ್ಷ ಗಣಪತಿ ಕೂರಿಸುವ ಮಖರಕ್ಕಾದರೂ ಬಿಡಿ ಎಂದು ತಯಾರಕರು ಕೇಳಿದಾಗ ಬಾಂಬೆ ಹೈಕೋರ್ಟ್ ಒಪ್ಪಲಿಲ್ಲ. ಅಲಂಕಾರದ ಥರ್ಮೊಕೋಲ್ 2022ರ ಜುಲೈ 1ರಿಂದ ದೇಶಕ್ಕೆಲ್ಲ ನಿಷಿದ್ಧ. ಪ್ಯಾಕಿಂಗಿನದಕ್ಕೆ ಈ ನಿಷೇಧವಿಲ್ಲ. ಅದರ ಹೊಣೆಯನ್ನು ಕಂಪನಿಗಳ ಮೇಲೆ ಹೊರಿಸುವ ನಿಯಮ 2022ರ ಫೆಬ್ರವರಿಯಲ್ಲಿ ಬಂದಿದೆ, ಆದರೆ ಎಷ್ಟು ಮರಳಿ ಪಡೆದಿರಿ ಎಂಬ ಲೆಕ್ಕ ಟನ್ನುಗಳಲ್ಲಿ. ಗಡುಸು ಪ್ಯಾಕಿಂಗ್, ಮೆದು ಪ್ಯಾಕಿಂಗ್ ಎಂಬಂಥ ವರ್ಗಗಳಿವೆ, ಥರ್ಮೊಕೋಲಿಗೆಂದೇ ವರ್ಗವಿಲ್ಲ. ತೂಕವಿರುವ ಡಬ್ಬಿ ಬಾಟಲಿಗಳನ್ನು ಕೂಡಿಸಿಯೇ ಟನ್ನು ತುಂಬಿಸಬಹುದಾದಾಗ ಗಾಡಿ ತುಂಬ ಗಾಳಿ ಹೊತ್ತು ತರುವವರು ಯಾರು? ನನ್ನ ದೃಷ್ಟಿಯಲ್ಲಿ ಥರ್ಮೊಕೋಲ್ ಬೀದಿಯಲ್ಲಿ ಉಳಿದಿರುವುದಕ್ಕೆ ದೊಡ್ಡ ಕಾರಣ ಇದೇ. ಇದಕ್ಕೆ ಗಾತ್ರದ ಲೆಕ್ಕ ಬೇಕು, ಬೇರೆ ಗುರಿ ಬೇಕು.

ಯಂತ್ರವೂ ಕಸ ಹುಟ್ಟುವ ಜಾಗಕ್ಕೆ ಹತ್ತಿರ ಇರಬೇಕು. ಟೋಕಿಯೊದ ಮೀನು ಮಾರುಕಟ್ಟೆಯವರು ಬರಿದಾದ ಥರ್ಮೊಕೋಲ್ ಪೆಟ್ಟಿಗೆಗಳನ್ನು ಮಾರುಕಟ್ಟೆಯ ಅಂಗಳದಲ್ಲೇ ಕುಗ್ಗಿಸಿ ಗಟ್ಟಿ ಮಾಡುತ್ತಾರೆ. ತಣ್ಣನೆಯ ಯಂತ್ರಕ್ಕೆ ಬೇಕಾದದ್ದು ತ್ರೀ ಫೇಸ್ ಕರೆಂಟು, ಒಂದು ಗ್ಯಾರೇಜಿನಷ್ಟು ಜಾಗ, ಮಳೆ ಬೀಳದ ಸೂರು, ನಡೆಸಲು ಒಬ್ಬಿಬ್ಬರು. ಮನೆ ಮನೆಯ ಕಸ ಎತ್ತುವವರಿಗೇ ಆ ಕೆಲಸ ಕೊಟ್ಟು, ದಿಮ್ಮಿಯ ದುಡ್ಡೂ ಅವರಿಗೇ ಸೇರುವಂತಾದರೆ ಮಾಲು ಬೀದಿಯಲ್ಲಿ ಉಳಿಯುವುದಿಲ್ಲ.

ಹಾಪರಿಗೆ ಹಾಕುವ ಮೊದಲು ಆರಿಸಲೇಬೇಕು. ಟೇಪು, ಲೇಬಲ್ಲು, ಸಿಮೆಂಟಿನ ಹೆಪ್ಪು ದಾಣಾವನ್ನು ಕೆಡಿಸುತ್ತವೆ. ಎಲ್ಲಕ್ಕಿಂತ ಮೋಸ ಮಾಡುವುದು ಅದೇ ಪೆಟ್ಟಿಗೆಯಲ್ಲಿ ಬರುವ ಇನ್ನೊಂದು ಬಿಳಿ ನೊರೆ, ಪಾಲಿಎಥಿಲೀನ್‌ನದು. ಎರಡೂ ಕರಗಿದರೂ ಒಂದರಲ್ಲೊಂದು ಬೆರೆಯವು; ಬೆರೆಸಿ ಮಾಡಿದ ಪಟ್ಟಿ ಪದರು ಪದರಾಗಿ ಬಿಡುತ್ತದೆ. ಗುರುತು ಹಿಡಿಯಲು ಕೈಯೇ ಸಾಕು: ಬಗ್ಗಿಸಿದಾಗ ಕಿರ್ರೆಂದು ಮುರಿದು ಮಣಿ ಉದುರಿದರೆ ಥರ್ಮೊಕೋಲ್, ಮೆತ್ತಗೆ ಬಾಗಿ ಮತ್ತೆ ನೆಟ್ಟಗಾದರೆ ಅಲ್ಲ. ಹೊಸ ಸಾಮಾನು ಮನೆಗೆ ಹೆಚ್ಚಾಗಿ ಬರುವುದು ಗಣೇಶ ಚತುರ್ಥಿಯಿಂದ ದೀಪಾವಳಿಯವರೆಗೆ. ಪಾಲಿಕೆ ಆ ತಿಂಗಳುಗಳಲ್ಲಿ ನಿಗಡಿಯ ಒಂದು ವಾರ್ಡಿನಲ್ಲಾದರೂ ಒಂದು ಯಂತ್ರ ಓಡಿಸಿ, ಹಾಪರಿಗೆ ಬಿದ್ದದ್ದೆಷ್ಟು, ದಿಮ್ಮಿಯಾಗಿ ಹೊರಬಂದದ್ದೆಷ್ಟು ಎಂದು ದಿನವೂ ಬರೆದಿಟ್ಟರೆ ಉಳಿದ ವಾರ್ಡುಗಳಿಗೆ ಎಷ್ಟು ಯಂತ್ರ ಬೇಕೆಂಬುದು ಆ ಪುಸ್ತಕದಿಂದಲೇ ತಿಳಿಯುತ್ತದೆ.